ಕಾಲೇಜಿನಲ್ಲಿ ಸಂವಿಧಾನ ಸಭೆ ಕೂರಿಸಿದ್ದು

ನವೆಂಬರ್ 26, ಸಂವಿಧಾನ ದಿನ ಬಂತೆಂದರೆ ಸಂವಿಧಾನದ ಪೀಠಿಕೆ ಓದಿಸಿ, ಒಂದು ಭಾಷಣ ಮಾಡಿಸಿ, ಫೋಟೊ ತೆಗೆದು ಮುಗಿಸುವುದು ವಾಡಿಕೆ. ಹಾಸನದ ನಮ್ಮ ರಾಜ್ಯಶಾಸ್ತ್ರ ತರಗತಿಯಲ್ಲಿ ನಾನು ಸಂವಿಧಾನ ರಚಿಸಿದ ಆ ಸಂವಿಧಾನ ಸಭೆಯ ಮೊದಲ ಎರಡು ವಾರವನ್ನೇ ನಾಟಕವಾಗಿ ಆಡಿಸಿದೆ. ಎಲ್ಲರಿಗೂ ಅಂಬೇಡ್ಕರ್ ಪಾತ್ರವೇ ಬೇಕು. "ಅವರು ಮಾತಾಡಿದ್ದು ಡಿಸೆಂಬರ್ 17ಕ್ಕೆ ಕಣ್ರಪ್ಪಾ. ಮೊದಲು ಕುರ್ಚಿ ಮೇಲೆ ಕೂರೋದು ಯಾರು ಹೇಳಿ" ಎಂದೆ.

ಅಲ್ಲೇ ತೊಡಕು. ಅಧ್ಯಕ್ಷರನ್ನು ಆರಿಸಬೇಕು, ಆ ಆಯ್ಕೆ ನಡೆಸಲು ಇನ್ನೊಬ್ಬ ಅಧ್ಯಕ್ಷ ಬೇಕು. 1946ರ ಡಿಸೆಂಬರ್ 9ರಂದು ಆಚಾರ್ಯ ಕೃಪಲಾನಿ ಎದ್ದು, ವಯಸ್ಸಿನಲ್ಲಿ ಹಿರಿಯರಾದ ಸಚ್ಚಿದಾನಂದ ಸಿನ್ಹಾರನ್ನು ಪೀಠಕ್ಕೆ ಕರೆದರು. ನಾವೂ ತರಗತಿಯಲ್ಲಿ ಹುಟ್ಟಿದ ತಾರೀಖು ನೋಡಿಯೇ ಒಬ್ಬನನ್ನು ಕೂರಿಸಿದೆವು.

ಆಮೇಲೆ ರಿಜಿಸ್ಟರ್. ಪ್ರಾಂತ್ಯವಾರು ಹೆಸರು ಕೂಗುವುದು, ಒಬ್ಬೊಬ್ಬರೇ ಬಂದು ಆಯ್ಕೆಯಾದ ಪತ್ರ ತೋರಿಸಿ ರುಜು ಹಾಕುವುದು. ಹಿಂದಿನ ಬೆಂಚು ಆಕಳಿಸಿತು. ಆಕಳಿಸಲಿ ಬಿಡಿ, ಇದನ್ನು ಮಾತ್ರ ಕತ್ತರಿಸಬೇಡಿ. ಪತ್ರ ಮನೆಯಲ್ಲೇ ಬಿಟ್ಟು ಬಂದವನನ್ನು ನಮ್ಮ 'ಸಿನ್ಹಾ' ಸಹಿ ಹಾಕಲು ಬಿಡಲಿಲ್ಲ. ಸದಸ್ಯತ್ವ ಅಂದರೇನು ಅಂತ ಎಲ್ಲರಿಗೂ ಆಗಲೇ ಗೊತ್ತಾಗಿದ್ದು.

ಡಿಸೆಂಬರ್ 11ಕ್ಕೆ ರಾಜೇಂದ್ರ ಪ್ರಸಾದ್ ಅಧ್ಯಕ್ಷರಾದರು. ಅವಿರೋಧ ಆಯ್ಕೆ, ನಾಟಕಕ್ಕೆ ಅಷ್ಟೇನೂ ಸಿಗುವುದಿಲ್ಲ. ಸಿಗುವುದು ನಿಯಮಗಳಲ್ಲಿ. ತಮ್ಮದೇ ನಿಯಮ ಆಗುವವರೆಗೆ ಹಳೆಯ ಕೇಂದ್ರ ಶಾಸನಸಭೆಯ ನಿಯಮಗಳನ್ನೇ ಬಳಸಿಕೊಂಡರು. "ಬ್ರಿಟಿಷರ ನಿಯಮ ಯಾಕೆ?" ಅಂತ ಒಬ್ಬಳು ಎದ್ದಳು. ನಾನು ಉತ್ತರ ಹೇಳಲಿಲ್ಲ, ನಿಯಮವೇ ಇಲ್ಲದೆ ಮತ ಹಾಕಿಸಿ ನೋಡು ಎಂದೆ. ಗಲಾಟೆಯೋ ಗಲಾಟೆ. ಸಾಕು ಸರ್, ಹಳೆಯದೇ ಇರಲಿ ಎಂದಳು.

ಡಿಸೆಂಬರ್ 23ಕ್ಕೆ ಅಂಗೀಕಾರವಾದ ನಿಯಮಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದಿದೆ. ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಒಪ್ಪದೆ ಸಭೆಯನ್ನು ವಿಸರ್ಜಿಸುವಂತಿಲ್ಲ. ಈ ಸಭೆ ಹುಟ್ಟಿದ್ದು ಬ್ರಿಟಿಷ್ ಕ್ಯಾಬಿನೆಟ್ ಮಿಷನ್ನಿನ, ಅಂದರೆ ಇಲ್ಲಿಗೆ ಬಂದಿದ್ದ ಬ್ರಿಟಿಷ್ ಮಂತ್ರಿಗಳ ನಿಯೋಗದ, ಯೋಜನೆಯಿಂದ. ಹುಟ್ಟಿಸಿದವರು ಮುಚ್ಚಿಸುವ ಹಾಗಿಲ್ಲ ಅಂತ ಒಂದೇ ಸಾಲಿನಲ್ಲಿ ಚಿಲಕ ಹಾಕಿಬಿಟ್ಟರು!

ಡಿಸೆಂಬರ್ ಅಂದರೆ ಸಕಲೇಶಪುರದ ಕಡೆ ಕಾಫಿ ಕೊಯ್ಲು, ಆ ಕಡೆಯ ಮಕ್ಕಳು ಜಾಸ್ತಿ ಬರುವುದಿಲ್ಲ. ಖಾಲಿ ಕುರ್ಚಿಗಳನ್ನು ತೆಗೆಸಲಿಲ್ಲ. ಅವತ್ತೂ ಮುಸ್ಲಿಂ ಲೀಗ್ ಬಂದಿರಲಿಲ್ಲ, ಸಂಸ್ಥಾನಗಳಿಗಿಟ್ಟಿದ್ದ 93 ಸ್ಥಾನಗಳೂ ಖಾಲಿ. "ಹಾಸನದಿಂದ ಯಾರಿದ್ರು ಸರ್?" ಎಂದರೆ, ಯಾರೂ ಇಲ್ಲ. ನಾವು ಮೈಸೂರು ಸಂಸ್ಥಾನದವರು ಅಲ್ವಾ? ಕೆ.ಸಿ. ರೆಡ್ಡಿ, ಹನುಮಂತಯ್ಯನವರೆಲ್ಲ ಸದಸ್ಯರಾಗಿದ್ದು ಆಮೇಲೆ.

ಆ ಕುರ್ಚಿಗಳನ್ನು ತೋರಿಸಿಯೇ, ಅವತ್ತು ಸದಸ್ಯ ಎಂ.ಆರ್. ಜಯಕರ್ ಮಾಡಿದ ಹಾಗೆ, ನಮ್ಮ 'ಜಯಕರ್' ತಿದ್ದುಪಡಿ ಮಂಡಿಸಿದ. ಸಂವಿಧಾನದ ಗುರಿಗಳೇನು ಎಂದು ಹೇಳುವ, ನೆಹರೂ ಡಿಸೆಂಬರ್ 13ರಂದು ಮಂಡಿಸಿದ ಧ್ಯೇಯಗಳ ನಿರ್ಣಯವನ್ನು, ಇವರೆಲ್ಲ ಬರುವವರೆಗೆ ಮುಂದೂಡಿ ಅಂತ. ನಿಜವಾದ ಸಭೆಯೂ ಕಾದಿತ್ತು, ಅಂಗೀಕಾರವಾದದ್ದು 1947ರ ಜನವರಿ 22ಕ್ಕೆ. ನಮ್ಮ ಹುಡುಗರು ಮಾತ್ರ ಬಸ್ಸಿನ ಹೊತ್ತಾಯ್ತು ಅಂತ ಅವತ್ತೇ ಮತಕ್ಕೆ ಹಾಕಿಸಿದರು.