ಬಾಳೆದಿಂಡಿಗೂ ಮೊದಲು ರಕ್ತಪರೀಕ್ಷೆ: ಮೂತ್ರಪಿಂಡದ ತೊಂದರೆಗೆ ಮನೆಮದ್ದು ಬಳಸುವ ಕ್ರಮ

ಮೂತ್ರಪಿಂಡಕ್ಕೆ ಗಿಡಮೂಲಿಕೆ ಕೊಡಲು ಹೊರಟವರು ಮೊದಲು ತೊಂದರೆ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಮೂತ್ರಪಿಂಡ ಚೆನ್ನಾಗಿದ್ದು ಅದರಲ್ಲಿ ಕಲ್ಲು ಮಾತ್ರ ಇರುವುದು ಒಂದು ಸ್ಥಿತಿ. ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಮೂತ್ರಪಿಂಡವೇ ಸೋತಿರುವುದು ಬೇರೆಯೇ ಸ್ಥಿತಿ. ಮೊದಲನೆಯದರಲ್ಲಿ ಹಿತವಾದದ್ದು ಎರಡನೆಯದರಲ್ಲಿ ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಶ್ಮಲ), ಪೊಟ್ಯಾಸಿಯಂ, ಮೂತ್ರದ ಪ್ರೋಟೀನ್ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಇಷ್ಟನ್ನು ಮಾಡಿಸಿ, ಫಲಿತಾಂಶವನ್ನು ವೈದ್ಯರಿಗೆ ತೋರಿಸಿದ ಮೇಲೆಯೇ ಗ್ರಂದಿಗೆ ಅಂಗಡಿಯ ಮಾತು.

ಕಲ್ಲು ಮಾತ್ರ ಇದ್ದರೆ ಮುಖ್ಯ ಮದ್ದು ನೀರು: ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಷ್ಟು ಕುಡಿಯಬೇಕು. ನಿಂಬೆರಸದಲ್ಲಿರುವ ಸಿಟ್ರೇಟ್ ಕ್ಯಾಲ್ಸಿಯಂ ಕಲ್ಲು ಕಟ್ಟುವುದನ್ನು ತಡೆಯಲು ನೆರವಾಗುತ್ತದೆ. ಬಾಳೆದಿಂಡಿನ ಹೊರಪದರಗಳನ್ನು ಸುಲಿದು, ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವಾಗ ಜೋತುಬೀಳುವ ನಾರನ್ನು ಬೆರಳಿಗೆ ಸುತ್ತಿ ಎಳೆದು ತೆಗೆದು, ಕಪ್ಪಾಗದಂತೆ ನೀರುಮಜ್ಜಿಗೆಯಲ್ಲಿ ಹಾಕಿಟ್ಟು, ಸಣ್ಣಗೆ ಹೆಚ್ಚಿ ಕೋಸಂಬರಿಯನ್ನೋ ಪಲ್ಯವನ್ನೋ ಮಾಡಿ ವಾರಕ್ಕೆ ಒಂದೆರಡು ಸಲ ಉಣ್ಣಬಹುದು. ರಾತ್ರಿ ನೆನೆಸಿದ ಹುರುಳಿಯನ್ನು ಬೇಯಿಸಿ ಬಸಿದ ಕಟ್ಟನ್ನೂ ಹಾಗೆಯೇ ಊಟದಲ್ಲಿ ಸೇರಿಸಿಕೊಳ್ಳಬಹುದು. ಆದರೆ 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲು ಬಹುಪಾಲು ಜನರಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ. ಹಾಗಾಗಿ ಕಲ್ಲು ಬಿದ್ದ ಮಾತ್ರಕ್ಕೆ ಅದನ್ನು ಮದ್ದಿನ ಗುಣವೆಂದು ನಾನು ಹೇಳಲಾರೆ. ನೋವಿನ ಜೊತೆ ಚಳಿಜ್ವರ ಬಂದರೆ, ಅಥವಾ ಮೂತ್ರ ಕಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೂತ್ರಪಿಂಡ ಸೋತವರಿಗೆ ಇದೇ ಬಾಳೆದಿಂಡು, ಹುರುಳಿಕಟ್ಟು, ಎಳನೀರು ಬೇಡ. ಇವುಗಳಲ್ಲಿರುವ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರಿ ಹೃದಯದ ಬಡಿತವನ್ನು ಕೆಡಿಸುತ್ತದೆ. ಕಮರಾಕ್ಷಿ ಹಣ್ಣಿನಿಂದ ಇಂಥವರಿಗೆ ನಿಲ್ಲದ ಬಿಕ್ಕಳಿಕೆ, ಮಂಕು, ಸೆಳೆತ ಬರುತ್ತವೆ, ಸಾವೂ ಸಂಭವಿಸಿದೆ. ಬಿಂಬಳಿಯ ರಸದಲ್ಲಿ ಮೂತ್ರಪಿಂಡದಲ್ಲಿ ಹರಳುಗಟ್ಟುವ ಆಕ್ಸಲೇಟ್ ಎಂಬ ಅಂಶ ಎಷ್ಟಿದೆಯೆಂದರೆ ಅದನ್ನು ಹೆಚ್ಚಾಗಿ ಕುಡಿದರೆ ಆರೋಗ್ಯವಂತರ ಮೂತ್ರಪಿಂಡವೂ ಕೆಡಬಹುದು. ಈಶ್ವರಬಳ್ಳಿಯನ್ನಂತೂ ಯಾರೂ ಹೊಟ್ಟೆಗೆ ತೆಗೆದುಕೊಳ್ಳಬಾರದು. ಅದೇ ಕುಲದ ಚೀನೀ ಮೂಲಿಕೆ ಬೆರೆತ ತೂಕ ಇಳಿಸುವ ಮಾತ್ರೆಗಳಿಂದ ಮಹಿಳೆಯರ ಮೂತ್ರಪಿಂಡಗಳು ಹಾಳಾದದ್ದನ್ನು ಬೆಲ್ಜಿಯಂನ ವೈದ್ಯರು 1993ರಲ್ಲಿ ವರದಿ ಮಾಡಿದರು. ಮುಂದೆ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂದಿತು.

ನಾಯಿ ಬೆಕ್ಕುಗಳಿಗೆ ನಮ್ಮ ಕಷಾಯವನ್ನು ಅಳತೆ ತಗ್ಗಿಸಿ ಕೊಡುವ ರೂಢಿಯಿದೆ. ದಯವಿಟ್ಟು ಅದನ್ನು ಬಿಡಬೇಕು. ಅವುಗಳ ರಕ್ತದಲ್ಲಿ ಕ್ರಿಯಾಟಿನಿನ್ ಏರುವ ಹೊತ್ತಿಗೆ ಮೂತ್ರಪಿಂಡದ ಮುಕ್ಕಾಲು ಪಾಲು ಶಕ್ತಿ ಹೋಗಿರುತ್ತದೆ, ಪ್ರಯೋಗಕ್ಕೆ ಸಮಯವಿರುವುದಿಲ್ಲ. ಜನರು ಕಲ್ಲಿಗೆಂದು ಜಗಿಯುವ ಕಾಡುಬಸಳೆಯಲ್ಲಿ ಪ್ರಾಣಿಗಳ ಹೃದಯಕ್ಕೆ ತಾಗುವ ವಿಷವಿದೆ. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಲಿಲಿ ಹೂವಿನ ಪರಾಗ ಮೈಗಂಟಿ, ಬೆಕ್ಕು ಅದನ್ನು ನೆಕ್ಕಿಕೊಂಡರೂ ಸಾಕು, ಮೂತ್ರಪಿಂಡ ನಿಂತುಹೋಗಬಹುದು. ನಾವು ಮಾಡಬಹುದಾದದ್ದೆಂದರೆ ಮನೆಯ ಮೂರ್ನಾಲ್ಕು ಕಡೆ ಶುದ್ಧ ನೀರಿಡುವುದು, ಒಣ ಆಹಾರವನ್ನು ನೆನೆಸಿ ಕೊಡುವುದು, ಪಶುವೈದ್ಯರು ಹೇಳಿದ ರಂಜಕ (ಫಾಸ್ಫರಸ್) ಕಡಿಮೆಯಿರುವ ಆಹಾರಕ್ಕೆ ನಿಧಾನವಾಗಿ ಒಗ್ಗಿಸುವುದು. ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ, ಮುಕ್ಕರಿದು, ಹನಿ ಮೂತ್ರವೂ ಬರದೆ ಕೂಗುತ್ತಿದ್ದರೆ ಅದರ ಮೂತ್ರನಾಳ ಕಟ್ಟಿರುತ್ತದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದಾದ್ದರಿಂದ ಬೆಳಗಾಗಲಿ ಎಂದು ಕಾಯದೆ ಆಗಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು.