ಕುದಿಸದೆ ತೆಗೆದ ಮುರುಗಲು ತುಪ್ಪ

ಮುರುಗಲು (ಕೋಕಂ, ಪುನರ್ಪುಳಿ) ಬೀಜದ ತುಪ್ಪವನ್ನು ಕುದಿಸಿಯೇ ತೆಗೆಯಬೇಕೆಂಬುದು ನಮ್ಮ ಶಿರಸಿ ಸೀಮೆಯ ಮನೆಗಳಲ್ಲಿ ಯಾರೂ ಮರುಪ್ರಶ್ನೆ ಹಾಕದ ಮಾತು. ಕುಟ್ಟಿದ ತಿರುಳನ್ನು ಅರ್ಧ ದಿನ ಕುದಿಸಿ, ರಾತ್ರಿ ಆರಲು ಬಿಟ್ಟು, ಬೆಳಿಗ್ಗೆ ನೀರಿನ ಮೇಲೆ ಹೆಪ್ಪುಗಟ್ಟಿದ ತುಪ್ಪದ ಪದರವನ್ನು ಎತ್ತಿಕೊಳ್ಳುವುದು ನನ್ನ ಅತ್ತೆಯವರ ಕ್ರಮವಾಗಿತ್ತು. ಒಡೆದ ಹಿಮ್ಮಡಿಗೆ ಅದು ಧಾರಾಳವಾಗಿ ಸಾಕು. ಆದರೆ ತುಟಿಗೆ ಹಚ್ಚುವುದಕ್ಕೂ ತೆಳ್ಳೇವಿನ (ತೆಳು ದೋಸೆಯ) ಕಾವಲಿಗೆ ಸವರುವುದಕ್ಕೂ ಆ ಕಂದು ಬಣ್ಣ, ಹೊಗೆವಾಸನೆ ನನಗೆ ಒಗ್ಗಲಿಲ್ಲ. ಮೊಸರಿನಂತೆ ಕಡೆದು ತೆಗೆಯುವ ಪದ್ಧತಿಯೂ ಹಿಂದೆ ಇತ್ತೆಂದು ಕೇಳಿದ್ದೆನಾದರೂ ಕೈಯಾರೆ ಮಾಡಿದವರು ಒಬ್ಬರೂ ಸಿಗಲಿಲ್ಲ. ಗಾಣದವರಲ್ಲಿ ವಿಚಾರಿಸಿದಾಗ, "ಬೀಜ ಕಡೆದರೆ ನೀರು ಕದಡುತ್ತದೆ ಅಮ್ಮಾ, ತುಪ್ಪ ಬರುವುದಿಲ್ಲ" ಎಂದು ಕಳಿಸಿಬಿಟ್ಟರು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಬೇಸಿಗೆಯ ಕೊನೆಯಲ್ಲಿ ಬೆಟ್ಟದಿಂದ ತಂದ ಹಣ್ಣಿನ ಸಿಪ್ಪೆಯನ್ನೆಲ್ಲ ಸಕ್ಕರೆ ಹಾಕಿ ಭರಣಿಗೆ ತುಂಬಿದ ಮೇಲೆ ಉಳಿದ ಬೀಜವನ್ನು ಲೋಳೆ ಸಮೇತ ಅಂಗಳಕ್ಕೆ ಹರಡಿದ್ದೆ. ಅಡ್ಡಮಳೆ ಬಂದು, ಎರಡು ದಿನ ಒಳಗೆ ಮುಚ್ಚಿಟ್ಟದ್ದರಿಂದ ಬೂಸಲು ಹಿಡಿಯಿತು. ತೊಳೆದರೆ ಹೋದೀತೆಂದು ನಂಬಿ ಕುಟ್ಟಿದೆ. ತಿರುಳಿಗೇ ಮುಗ್ಗಲು ವಾಸನೆ ಇಳಿದಿತ್ತು. ಹಣ್ಣು ಕೊಯ್ದವರ ಕೂಲಿ, ಗಟ್ಟಿ ಬೀಜ ಹಾಕಿ ಮುರಿದುಕೊಂಡ ಮಿಕ್ಸಿ ಜಾರು ಎಲ್ಲ ಸೇರಿ ಎರಡೂವರೆ ಸಾವಿರ ರೂಪಾಯಿಯ ಹತ್ತಿರ ನಷ್ಟವಾಯಿತು. ಈಗ ಬೀಜ ತೆಗೆದ ದಿನವೇ ಒಲೆಯ ಬೂದಿಯಲ್ಲಿ ತಿಕ್ಕಿ, ಹರಿಯುವ ನೀರಿನಲ್ಲಿ ತೊಳೆದು, ಲೋಳೆ ಪೂರ್ತಿ ಹೋದದ್ದನ್ನು ಬೆರಳಿನಿಂದ ನೋಡಿಯೇ ಒಣಗಿಸುತ್ತೇನೆ. ಅಲುಗಿಸಿದಾಗ ಒಳಗಿನ ತಿರುಳು ಗುಲುಗುಲು ಸದ್ದು ಮಾಡಬೇಕು.

ಎರಡನೆಯ ವರ್ಷ ಬೀಜ ಚೆನ್ನಾಗಿತ್ತು, ನಾನೇ ತಪ್ಪಿದೆ. ಬೆಣ್ಣೆ ತೆಗೆಯುವಾಗಿನ ರೂಢಿಯಂತೆ ತಣ್ಣೀರು ಹಾಕಿ ಕಡೆದೆ. ಎರಡು ತಾಸು ಕಡೆದರೂ ಬಂದದ್ದು ಕೆನೆಬಣ್ಣದ, ಹಾಲಿನಂತಹ ನೀರು ಮಾತ್ರ. ಮರುದಿನವೂ ಅದು ಬೇರ್ಪಡಲಿಲ್ಲ. ಈ ತುಪ್ಪ ಕರಗಬೇಕಾದರೆ ಸುಮಾರು 40 ಡಿಗ್ರಿ ಕಾವು ಬೇಕು, ಹಾಗಿರುವಾಗ ತಣ್ಣೀರಿನಲ್ಲಿ ಕಣಗಳು ಒಂದಕ್ಕೊಂದು ಅಂಟುವುದಾದರೂ ಹೇಗೆ ಎಂಬುದು ಆ ಪಾತ್ರೆಯ ಮುಂದೆ ಕುಳಿತಾಗಲೇ ಹೊಳೆಯಿತು.

ಹಾಗಾಗಿ ಮೂರನೆಯ ವರ್ಷ ತಿರುಳನ್ನು ಒರಳಿನಲ್ಲಿ ಕುಟ್ಟಿ, ಬೀಸಿ, ಬೆರಳಿಗೆ ತರಿ ಸಿಗದಷ್ಟು ನುಣ್ಣಗಾದ ಮೇಲೆ ಕೈ ತಡೆಯುವಷ್ಟು ಬಿಸಿಯಾದ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಹಿಟ್ಟಿನಂತೆ ನಾದಿದೆ. ಮುಕ್ಕಾಲು ತಾಸಿನಲ್ಲಿ ಮುದ್ದೆಯ ಬಣ್ಣ ತಿಳಿಯಾಗಿ, ಅಂಗೈ ಜಿಡ್ಡಾಯಿತು. ಆಮೇಲೆ ಕಡಗೋಲು ಹಾಕಿ, ಬಾವಿಯ ತಣ್ಣೀರನ್ನು ಸುರಿಯುತ್ತಾ ಕಡೆದಾಗ ರವೆಯಂತಹ ಬಿಳಿ ಕಾಳುಗಳು ಮೇಲೇಳತೊಡಗಿದವು, ನೋಡನೋಡುತ್ತಲೇ ಒಂದನ್ನೊಂದು ಹಿಡಿದು ಬೆಣ್ಣೆಯಂತೆ ಕೂಡಿಕೊಂಡವು. ನಾದುವಾಗ ಒಂದು ಚಮಚದಷ್ಟು ಇನ್ನೊಂದು ವಸ್ತುವನ್ನು ಸೇರಿಸುತ್ತೇನೆ. ಅದು ಅಡಿಗೆಮನೆಯದೇ ಎಂದಷ್ಟೇ ಹೇಳಬಲ್ಲೆ. ತಣ್ಣೀರನ್ನು ಯಾವ ಹದದಲ್ಲಿ ಸುರಿಯಬೇಕೆಂಬುದು ಕೈಗೆ ಬರಲು ನನಗೆ ನಾಲ್ಕು ಸಲ ಬೇಕಾಯಿತು.

ನೆನಪಿನಿಂದ ಹೇಳುವುದಾದರೆ, 60 ಕಿಲೋ ಹಣ್ಣಿಗೆ ಐದು ಕಿಲೋ ಒಣಬೀಜ, ಅದರಲ್ಲಿ ಮೂರು ಕಿಲೋ ತಿರುಳು, ಅದಕ್ಕೆ 900 ಗ್ರಾಂ ತುಪ್ಪ ಬಂತು. ಅಷ್ಟೇ ತಿರುಳನ್ನು ಕುದಿಸಿದಾಗ 700 ಗ್ರಾಂ ದಾಟಿದ್ದಿಲ್ಲ. ಕಟ್ಟಿಗೆಯ ಖರ್ಚು ಬೇರೆ. ಮೈಸೂರಿನ ಒಬ್ಬ ಗೃಹಿಣಿಯವರು 100 ಗ್ರಾಂ ಡಬ್ಬಕ್ಕೆ 180 ರೂಪಾಯಿ ಕೊಟ್ಟು ಒಯ್ದವರು ಮರುವರ್ಷ ಆರು ಡಬ್ಬ ಬೇಕೆಂದರು. ಊರಿನಲ್ಲಿ ನನ್ನದರಷ್ಟು ಬಿಳಿಯ ತುಪ್ಪವನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಇದನ್ನೇ ಮೂರು ಪಾಲು ಇಟ್ಟು, ಒಂದು ಪಾಲು ಕೊಬ್ಬರಿ ಎಣ್ಣೆ ಬೆರೆಸಿದರೆ ಚಳಿಗಾಲದಲ್ಲೂ ತುಟಿಗೆ ಮೆತ್ತಗೆ ಹತ್ತುತ್ತದೆ. ಎಣ್ಣೆ ಅರ್ಧಕ್ಕರ್ಧ ಆದಾಗ ಬೇಸಿಗೆಯಲ್ಲಿ ಡಬ್ಬದಿಂದ ಸೋರಿತು. ಹಸುವಿನ ಮೊಲೆ ಬಿರಿದಾಗ ಹಾಲು ಕರೆದ ಮೇಲೆ ಹಚ್ಚಿದ್ದೇವೆ, ನಾಲ್ಕೈದು ದಿನದಲ್ಲಿ ಬಿರುಕು ಕೂಡಿತು. ಆಮಶಂಕೆಯಾದವರಿಗೆ ಬಿಸಿ ಅನ್ನದಲ್ಲಿ ಇದನ್ನು ಕಲಸಿ ಕೊಡುವುದು ಅತ್ತೆಯವರ ಕಾಲದ ಮದ್ದು. ಪಿತ್ತಗಂಧೆ ಎದ್ದರೆ ಸಿಪ್ಪೆ ನೆನೆಸಿದ ನೀರನ್ನು ಕುಡಿಸುತ್ತಿದ್ದರು, ಅದನ್ನು ಇಂದಿಗೂ ಬಿಟ್ಟಿಲ್ಲ. ಒಲೆಯ ಸಣ್ಣ ಸುಟ್ಟಗಾಯದ ಉರಿ ಆರಿದ ಮೇಲೆ ಒಣಚರ್ಮಕ್ಕೆ ಸವರುತ್ತೇನೆಯೇ ಹೊರತು ಹಸಿಗಾಯಕ್ಕೆ ಮುಟ್ಟಿಸುವುದಿಲ್ಲ.

ಕಡೆದು ಉಳಿದ ಗಸಿಯನ್ನು ಕಾಳುಮೆಣಸಿನ ಬುಡಕ್ಕೆ ಹಾಕುತ್ತಿದ್ದೇನೆ. ಬಿಳಿ ಮುರುಗಲಿನ ಬೀಜವನ್ನೂ ಹೋದ ವರ್ಷ ಒಂದು ಸೇರಿನಷ್ಟು ಬೇರೆ ತೆಗೆದಿಟ್ಟಿದ್ದೆ. ಅಟ್ಟದ ಮೇಲಿನ ಆ ಚೀಲವನ್ನು ಇಲಿ ಕಡಿದು ಹಾಕಿತು. ಈ ಸಲದ ಬೀಜವನ್ನು ತಗಡಿನ ಡಬ್ಬದಲ್ಲಿಟ್ಟಿದ್ದೇನೆ.