ಮೂರು ಮುಚ್ಚಳ ಕೊಡು ಎಂದಾಗ

ಹನುಮಂತನಗರದ ನಮ್ಮ ಮನೆಯ ಕೆಳಮಹಡಿಯಲ್ಲಿ ನಾನು ಪ್ರಿ-ಕೆಜಿ ತರಗತಿ ಆರಂಭಿಸಿ 11 ವರ್ಷಗಳಾದವು. ಮೂರು ವರ್ಷ ತುಂಬಿದ 16 ಮಕ್ಕಳು, ನಾನು, ಒಬ್ಬ ಆಯಮ್ಮ, ಬೆಳಿಗ್ಗೆ 9.30ರಿಂದ 12.30ರವರೆಗೆ ತರಗತಿ. ಪ್ರತಿ ಜೂನ್‌ನಲ್ಲಿ ತಂದೆತಾಯಿಯರು ಕೇಳುವ ಮೊದಲ ಪ್ರಶ್ನೆ, "ಮಿಸ್, ಈ ವರ್ಷ ಏನೇನು ಕಲಿಸ್ತೀರಿ?" ಎಂಬುದು. ಪ್ರಶ್ನೆ 11 ವರ್ಷಗಳಿಂದಲೂ ಒಂದೇ ಆಗಿದೆ, ನನ್ನ ಉತ್ತರ ಮಾತ್ರ ಬಹಳ ಬದಲಾಗಿದೆ.

ಮೊದಲ ವರ್ಷ ನಾನೂ ನಾಲ್ಕು ಗೆರೆ ಪುಸ್ತಕಗಳನ್ನು ತರಿಸಿದ್ದೆ. ನಿಂತ ಗೆರೆ, ಮಲಗಿದ ಗೆರೆ, ಓರೆ ಗೆರೆ, ಅನಂತರ ಎ, ಬಿ, ಸಿ. ಪುಟ ತುಂಬಿದರೆ ಪೋಷಕರಿಗೆ ತೋರಿಸಲು ಏನಾದರೂ ಇರುತ್ತದೆ ಎಂಬ ಧೈರ್ಯ ನನಗಿತ್ತು. ಆ ವರ್ಷ ಒಬ್ಬ ಹುಡುಗ ದಿನವೂ ಹತ್ತೂವರೆಯ ಹೊತ್ತಿಗೆ, ಅಂದರೆ ಸರಿಯಾಗಿ ಪುಸ್ತಕ ತೆಗೆಯುವ ಹೊತ್ತಿಗೆ, ಹೊಟ್ಟೆನೋವು ಎನ್ನುತ್ತಿದ್ದ. ಸುಮಾರು ಒಂದು ತಿಂಗಳು ಅವನನ್ನು ಸಮಾಧಾನಪಡಿಸಿದ ಮೇಲೆಯೇ ನಾನು ಅವನ ಮುಖವನ್ನು ಬಿಟ್ಟು ಕೈಯನ್ನು ನೋಡಿದ್ದು. ಪೆನ್ಸಿಲನ್ನು ಅವನು ಒನಕೆಯಂತೆ ಮುಷ್ಟಿಯಲ್ಲಿ ಹಿಡಿದಿದ್ದ. ಗೆರೆ ಎಳೆಯಲು ಬೆರಳಿನ ಬದಲು ಇಡೀ ತೋಳನ್ನೇ ಎಳೆಯುತ್ತಿದ್ದ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳು ಹುಟ್ಟುವಾಗ ಮೆತ್ತಗಿದ್ದು, ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ ಎಂಬುದನ್ನೂ, ಮೂರು ವರ್ಷಕ್ಕೆ ಅವೆಲ್ಲ ಇನ್ನೂ ಗಟ್ಟಿಯಾಗಿರುವುದಿಲ್ಲ ಎಂಬುದನ್ನೂ ನಾನು ತರಬೇತಿಯಲ್ಲಿ ಓದಿದ್ದೆ. ಆದರೆ ಆ ಓದನ್ನು ಎದುರಿಗೆ ಕುಳಿತ ಕೈಗೆ ಹೊಂದಿಸಿ ನೋಡಿರಲಿಲ್ಲ. ತಪ್ಪು ಹುಡುಗನದಾಗಿರಲಿಲ್ಲ.

ಮರುವರ್ಷ ಪುಸ್ತಕವನ್ನು ಕಪಾಟಿಗೆ ಸೇರಿಸಿ, ಭುಜದಿಂದ ಬೆರಳತುದಿಯವರೆಗೆ ಇಳಿಯುವ ಕೆಲಸಗಳನ್ನು ಹುಡುಕಿದೆ. ಜೂನ್, ಜುಲೈಗಳಲ್ಲಿ ಅಂಗಳದ ನೆಲದ ಮೇಲೆ ದಪ್ಪ ಸೀಮೆಸುಣ್ಣದಿಂದ ದೊಡ್ಡ ದೊಡ್ಡ ಸುತ್ತುಗಳನ್ನು ಎಳೆಯುವುದು, ಬಕೆಟ್ಟಿನಲ್ಲಿ ನೀರು ಹೊತ್ತು ಗಿಡಗಳಿಗೆ ಹಾಕುವುದು, ಒದ್ದೆ ಬಟ್ಟೆ ಹಿಂಡುವುದು. ಆಮೇಲೆ ಚಪಾತಿ ಹಿಟ್ಟು ನಾದುವುದು, ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕುವುದು, ಒಂದು ಲೋಟದಿಂದ ಇನ್ನೊಂದಕ್ಕೆ ರಾಗಿ ಸುರಿಯುವುದು. ಈ ರಾಗಿಯ ಉಪಾಯ ನನ್ನದಲ್ಲ. ಪಕ್ಕದ ಬೀದಿಯ ಅಂಗನವಾಡಿ ಕಾರ್ಯಕರ್ತೆಯೊಬ್ಬರಿಂದ ಕಲಿತದ್ದು. ಡಿಸೆಂಬರ್ ಬಂತೆಂದರೆ ಅವರೆಕಾಯಿ. ರಾತ್ರಿ ನೆನೆಸಿಟ್ಟ ಅವರೆಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಹಿತುಕಿದರೆ ಬೇಳೆ ಪಟಕ್ಕನೆ ಹೊರಗೆ ಹಾರುತ್ತದೆ, ಮಕ್ಕಳು ಕಿರುಚಿ ನಗುತ್ತಾರೆ. ಪೆನ್ಸಿಲ್ ಹಿಡಿಯಲು ಬೇಕಾದ ಬೆರಳ ಹಿಡಿತಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ಯಾವ ದುಬಾರಿ ಸಾಮಗ್ರಿಯಲ್ಲೂ ನಾನು ಕಂಡಿಲ್ಲ. ಮಕ್ಕಳು ಹಿತುಕಿದ ಬೇಳೆಯನ್ನು ಮಧ್ಯಾಹ್ನ ಡಬ್ಬಿಗೆ ಹಾಕಿ ಮನೆಗೆ ಕಳಿಸುತ್ತೇವೆ. ಅಂದು ರಾತ್ರಿಯ ಹಿತಕವರೆ ಸಾರಿಗೆ ಅದು ಸಾಕಾಗುವುದಿಲ್ಲ ಎಂಬುದು ಬೇರೆ ಮಾತು.

ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಎರಡನೆಯ ವರ್ಷ ಎಣಿಸುವ ಆಟಕ್ಕೆಂದು ಹುಣಸೆಬೀಜ ಇಟ್ಟಿದ್ದೆ. ನಾನು ಆ ಕಡೆ ತಿರುಗಿ ಈ ಕಡೆ ತಿರುಗುವಷ್ಟರಲ್ಲಿ ಒಂದು ಮಗು ಬೀಜವನ್ನು ಮೂಗಿಗೆ ಸೇರಿಸಿಕೊಂಡಿತ್ತು. ಹತ್ತಿರದ ವೈದ್ಯರು ಅದನ್ನು ಸುಲಭವಾಗಿಯೇ ತೆಗೆದರು, ಆದರೆ ಮಗುವಿನ ತಾಯಿಯ ಮುಂದೆ ನಿಂತು ನಡೆದದ್ದನ್ನು ಹೇಳುವಾಗ ನನ್ನ ಕಾಲು ನಡುಗುತ್ತಿತ್ತು. ಅಂದಿನಿಂದ ಎಣಿಕೆಗೆ ದೊಡ್ಡ ಡಬ್ಬಿಗಳ ಮುಚ್ಚಳಗಳು ಮತ್ತು ಚನ್ನಪಟ್ಟಣದ ಮರದ ಬಳೆಗಳು ಮಾತ್ರ ಬಂದವು. ಅವರೆಕಾಳಿನ ದಿನ ನಾಲ್ಕೇ ಮಕ್ಕಳನ್ನು ಕೂರಿಸಿಕೊಳ್ಳುತ್ತೇವೆ. ಆಯಮ್ಮ ಆ ಮೇಜನ್ನು ಬಿಟ್ಟು ಏಳುವುದಿಲ್ಲ.

ಎಣಿಕೆಯ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವಳು, ಸೇರುವ ದಿನವೇ ಒಂದರಿಂದ ಐವತ್ತರವರೆಗೆ ಉಸಿರು ಬಿಡದೆ ಹೇಳಿದ ಒಬ್ಬ ಹುಡುಗಿ. ಕರೆತಂದಿದ್ದ ತಾತ ಹೆಮ್ಮೆಯಿಂದ ನನ್ನ ಮುಖ ನೋಡಿದರು. ನಾನು ಮುಚ್ಚಳಗಳ ಬುಟ್ಟಿಯನ್ನು ಮುಂದಿಟ್ಟು, "ನನಗೆ ಮೂರು ಕೊಡು ಪುಟ್ಟಿ" ಎಂದೆ. ಅವಳು ಎರಡೂ ಕೈಯಲ್ಲಿ ಬಾಚಿ ಒಂದು ರಾಶಿಯನ್ನೇ ಕೊಟ್ಟಳು. ಸಂಖ್ಯೆಗಳ ಹೆಸರನ್ನು ಸಾಲಾಗಿ ಹೇಳುವುದು ಮಗುವಿಗೆ ಒಂದು ಹಾಡು. ‘ಮೂರು’ ಎಂದರೆ ಎಷ್ಟು ಎಂಬುದು ಬೇರೆಯೇ ತಿಳಿವಳಿಕೆ. ಅದು ಒಮ್ಮೆಗೇ ಬರುವುದಿಲ್ಲ. ಮೊದಲು ‘ಒಂದು’ ಖಚಿತವಾಗುತ್ತದೆ, ಅದಕ್ಕಿಂತ ಹೆಚ್ಚು ಏನು ಕೇಳಿದರೂ ಮಗು ಕೈತುಂಬ ಕೊಡುತ್ತದೆ. ಕೆಲವು ತಿಂಗಳ ಮೇಲೆ ‘ಎರಡು’, ಆಮೇಲೆ ‘ಮೂರು’. ಅನಂತರ ಯಾವುದೋ ಒಂದು ದಿನ, ಎಣಿಸುತ್ತಾ ಹೋಗಿ ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎಂಬುದು ಅದಕ್ಕೆ ಹೊಳೆಯುತ್ತದೆ.

ಇದಕ್ಕೆ ನಾನು ಪಾಠ ಮಾಡುವುದನ್ನು ಬಿಟ್ಟು ತಟ್ಟೆ ಹಂಚಿಸಲು ಆರಂಭಿಸಿದೆ. ತಿಂಡಿಯ ಹೊತ್ತಿಗೆ ದಿನಕ್ಕೊಂದು ಮಗು ತನ್ನ ಮೇಜಿನಲ್ಲಿ ಕುಳಿತ ನಾಲ್ವರಿಗೆ ತಟ್ಟೆ ಇಡಬೇಕು. ಕಡಿಮೆ ತಂದರೆ ಕೂಡಲೇ ದೂರು ಬರುತ್ತದೆ, "ಮಿಸ್, ನಂಗಿಲ್ಲ!" ಹೆಚ್ಚು ತಂದರೆ ಕೈಯಲ್ಲಿ ತಟ್ಟೆ ಉಳಿಯುತ್ತದೆ. ತಪ್ಪನ್ನು ತಿದ್ದಲು ನಾನು ಬಾಯಿ ತೆರೆಯಬೇಕಾಗಿಲ್ಲ. ಆ ಹುಡುಗಿ ಜುಲೈಯಲ್ಲಿ ಒಂದೊಂದೇ ತಟ್ಟೆಯನ್ನು ಇಟ್ಟು ಓಡಿಬಂದು ಮತ್ತೊಂದನ್ನು ಒಯ್ಯುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ತಟ್ಟೆಗಳ ಕಟ್ಟಿನ ಮುಂದೆ ನಿಂತು ನಾಲ್ಕನ್ನು ಎಣಿಸಿ ಒಟ್ಟಿಗೇ ಎತ್ತಿಕೊಂಡಳು. ಆದರೆ ಐದು ಮುಚ್ಚಳಗಳನ್ನು ದೂರ ದೂರ ಹರಡಿಟ್ಟರೆ ಅವು ಹೆಚ್ಚಾದವು ಎಂದೇ ಅವಳು ಮಾರ್ಚ್‌ನಲ್ಲೂ ಹೇಳುತ್ತಿದ್ದಳು. ಆ ವಯಸ್ಸಿಗೆ ಅದು ಸಹಜ, ತಿದ್ದಲು ಹೋಗಲಿಲ್ಲ.

ಕನ್ನಡ ಮಾತನಾಡುವ ಮಕ್ಕಳಲ್ಲಿ ನಾನು ಗಮನಿಸುವ ಇನ್ನೊಂದು ಸಂಗತಿ ಇದೆ. ವಸ್ತುಗಳಿಗೆ ‘ಎರಡು’, ಮನುಷ್ಯರಿಗೆ ‘ಇಬ್ಬರು’ ಎನ್ನುವ ಭೇದವನ್ನು ಯಾರೂ ಅವರಿಗೆ ಹೇಳಿಕೊಡುವುದಿಲ್ಲ. "ಎರಡು ಅಕ್ಕ ಬಂದ್ರು" ಎನ್ನುತ್ತಿದ್ದ ಮಗು ಕೆಲವು ತಿಂಗಳಲ್ಲಿ "ಇಬ್ರು ಅಕ್ಕಂದ್ರು" ಎನ್ನುತ್ತದೆ, ಮಧ್ಯೆ ಉತ್ಸಾಹದಲ್ಲಿ "ಇಬ್ರು ಬೆಕ್ಕು" ಎಂದೂ ಹೇಳಿಬಿಡುತ್ತದೆ. ಬೆಕ್ಕನ್ನು ಮನುಷ್ಯರ ಸಾಲಿಗೆ ಸೇರಿಸುವ ಆ ತಪ್ಪು, ಮಗು ನಿಯಮವನ್ನು ತಾನೇ ಹುಡುಕುತ್ತಿದೆ ಎಂಬುದಕ್ಕೆ ನನಗೆ ಸಿಗುವ ಅತ್ಯುತ್ತಮ ಪುರಾವೆ.

ಭಾಷೆ ನಮ್ಮ ತರಗತಿಯಲ್ಲಿ ಸರಳವಾದ ವಿಷಯವಲ್ಲ. ಕಳೆದ ವರ್ಷದ 16 ಮಕ್ಕಳ ಮನೆಗಳಲ್ಲಿ ಕನ್ನಡ, ತಮಿಳು, ತೆಲುಗು, ದಖನಿ ಉರ್ದು, ಹಿಂದಿ, ಮಾರವಾಡಿ ಎಂದು ಆರು ನುಡಿಗಳಿದ್ದವು. ಮನೆಯಲ್ಲಿ ಕೇಳದ ಭಾಷೆಯ ನಡುವೆ ಬಂದು ಬಿದ್ದ ಮಗು ಎಷ್ಟೋ ವಾರಗಳು ಮಾತೇ ಆಡದೆ ಇರಬಹುದು. ದಸರಾ ರಜೆಯವರೆಗೂ ತುಟಿ ಬಿಚ್ಚದಿದ್ದ ಒಬ್ಬಳು, ರಜೆ ಮುಗಿಸಿ ಬಂದ ದಿನ, "ಆಯಮ್ಮಾ, ನೀರು ಚೆಲ್ಲೋಯ್ತು" ಎಂದು ಪೂರ್ತಿ ವಾಕ್ಯವನ್ನೇ ಹೇಳಿದಳು. ಆ ನಾಲ್ಕು ತಿಂಗಳು ಅವಳು ಕೇಳುತ್ತಲೇ ಇದ್ದಳು, ಕಥೆಯಲ್ಲಿ ನರಿ ಬಂದಾಗ ನರಿಯ ಬೊಂಬೆಯನ್ನೇ ಎತ್ತಿ ತೋರಿಸುತ್ತಿದ್ದಳು. ಅವಳ ತಂದೆತಾಯಿಗೆ ನಾನು ಹೇಳಿದ್ದು ಇಷ್ಟೇ: ಮನೆಯಲ್ಲಿ ನಿಮ್ಮ ತೆಲುಗನ್ನು ಬಿಡಬೇಡಿ, ಇಂಗ್ಲಿಷ್‌ಗೆ ಹೊರಳಬೇಡಿ.

ಅಕ್ಷರಗಳನ್ನು ನಾನು ಬರೆಸುವುದಿಲ್ಲ, ಧ್ವನಿಗಳನ್ನು ಕೇಳಿಸುತ್ತೇನೆ. ಹಾಜರಿ ಕರೆಯುವಾಗ ಪ್ರತಿಯೊಬ್ಬರ ಹೆಸರಿಗೂ ಚಪ್ಪಾಳೆ ತಟ್ಟುತ್ತೇವೆ; ಆಮೇಲೆ ಆ-ನೆಗೆ ಎರಡು, ಬಾ-ಳೆ-ಹ-ಣ್ಣಿಗೆ ನಾಲ್ಕು. ಕನ್ನಡದಲ್ಲಿ ಬರೆಯುವ ಒಂದು ಅಕ್ಷರವು ಹೆಚ್ಚುಕಡಿಮೆ ಉಚ್ಚಾರದ ಒಂದು ತುಂಡಿಗೆ ಸಮನಾಗಿರುವುದರಿಂದ, ಮಾತನ್ನು ಹೀಗೆ ತುಂಡು ಮಾಡಿ ಕೇಳಲು ಬಂದ ಮಗುವಿಗೆ ಮುಂದೆ ಅಕ್ಷರ ಅಪರಿಚಿತವೆನಿಸುವುದಿಲ್ಲ. ಇಂಗ್ಲಿಷ್‌ನಲ್ಲಿ ‘ಸಿ’ ಎಂಬ ಹೆಸರಿನಲ್ಲಿ ‘ಕ್ಯಾಟ್’ನ ಮೊದಲ ಧ್ವನಿಯ ಸುಳಿವೇ ಇಲ್ಲವಾದ್ದರಿಂದ, ಅಲ್ಲಿ ಹೆಸರನ್ನು ಬಾಯಿಪಾಠ ಮಾಡಿಸುವುದು ಇನ್ನೂ ನಿಷ್ಪ್ರಯೋಜಕ. ‘ಕೋತಿ’ಯನ್ನು ‘ತೋತಿ’ ಎನ್ನುವವರು, ‘ಮಳೆ’ಯನ್ನು ‘ಮಲೆ’ ಎನ್ನುವವರು ಪ್ರತಿ ವರ್ಷವೂ ಇರುತ್ತಾರೆ. ಅವರನ್ನು ತಡೆದು ಹೇಳಿಸದೆ, ಉತ್ತರದಲ್ಲಿ ನಾನು ಸರಿಯಾದ ಪದವನ್ನು ಬಳಸುತ್ತೇನೆ: "ಹೌದು, ಕೋತಿ ಮರ ಹತ್ತಿತು."

ಬಣ್ಣ, ಆಕಾರ, ಹಣ್ಣುತರಕಾರಿಗಳ ಹೆಸರು ತಾವಾಗಿಯೇ ಬರುತ್ತವೆ. ಅವಕ್ಕೆಂದು ಸಮಯ ಮೀಸಲಿಡುವುದನ್ನು ನಿಲ್ಲಿಸಿದ್ದೇನೆ. ಆ ಸಮಯವನ್ನು ಚಪ್ಪಲಿಗೆ ಕೊಟ್ಟಿದ್ದೇನೆ. ಯಾವುದು ಎಡ, ಯಾವುದು ಬಲ ಎಂದು ನೋಡಿ, ಬೆಲ್ಟ್ ಎಳೆದು ತಾನೇ ಹಾಕಿಕೊಳ್ಳಲು ಮೂರು ವರ್ಷದ ಮಗುವಿಗೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಕೈಕಟ್ಟಿ ಕಾಯುವುದು ಮಗುವಿಗಿಂತ ನನಗೂ, ಗೇಟಿನಲ್ಲಿ ಆಟೋ ನಿಲ್ಲಿಸಿಕೊಂಡ ತಂದೆಗೂ ಕಷ್ಟ. ಕಾಯುವುದನ್ನು ಮಕ್ಕಳು ಕಲಿಯುವುದು ನಮ್ಮಲ್ಲಿರುವ ಒಂದೇ ಒಂದು ಮೂರು ಗಾಲಿಯ ಸೈಕಲ್ಲಿನಿಂದ. ಇನ್ನೊಂದನ್ನು ಕೊಡಿಸುತ್ತೇವೆಂದು ಪೋಷಕರು ಎರಡು ಬಾರಿ ಮುಂದೆ ಬಂದರು. ಎರಡು ಬಾರಿಯೂ ಬೇಡವೆಂದೆ. ಸಾಲಿನಲ್ಲಿ ನಿಂತವನು "ನಂದಾದ್ಮೇಲೆ ನಿಂದು" ಎಂದು ಹಿಂದಿನವನಿಗೆ ಹೇಳುವ ಮಟ್ಟಕ್ಕೆ ಬರಲು ನಾಲ್ಕೈದು ತಿಂಗಳು, ಒಂದೆರಡು ಕಚ್ಚಿದ ಗಾಯ ಬೇಕಾಗುತ್ತವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಗುರುತಿಸಿ, ಶಾಲಾಪೂರ್ವದ ಮೂರು ವರ್ಷಗಳನ್ನೂ ಒಂದು, ಎರಡನೇ ತರಗತಿಗಳನ್ನೂ ಅದರೊಳಗೆ ಸೇರಿಸಿತು. ಆ ಹಂತದ ಪಠ್ಯಕ್ರಮ ಚೌಕಟ್ಟು 2022ರ ಅಕ್ಟೋಬರಿನಲ್ಲಿ ಹೊರಬಂದು, ಆಟವನ್ನೂ ಮನೆಮಾತನ್ನೂ ಕಲಿಕೆಯ ನಡುವೆ ಇಟ್ಟಿತು. ಇದು ನನ್ನ ಕೆಲಸವನ್ನು ಬದಲಿಸಲಿಲ್ಲ, ಪೋಷಕರ ಸಭೆಯಲ್ಲಿ ನನ್ನ ಮಾತಿಗೆ ತೂಕ ಕೊಟ್ಟಿತು. ಆರು ವರ್ಷಕ್ಕೆ ಒಂದನೇ ತರಗತಿ ಎಂದಾದರೆ ನನ್ನ ಬಳಿ ಇರುವ ಮಗುವಿಗೆ ಇನ್ನೂ ಮೂರು ವರ್ಷಗಳಿವೆ ಎಂದು ಬೆರಳು ಮಡಿಚಿ ತೋರಿಸುತ್ತೇನೆ. ಆದರೂ ವರ್ಷಕ್ಕೆ ಒಂದಿಬ್ಬರು ಮಗುವನ್ನು ಬಿಡಿಸಿಕೊಂಡು ಹೋಗುತ್ತಾರೆ. ಎಲ್‌ಕೆಜಿ ಪ್ರವೇಶಕ್ಕೆ ಬರೆಯಲು ಬರಬೇಕೆಂದು ಕೇಳುವ ಶಾಲೆಗಳು ಇರುವಾಗ ಅವರನ್ನು ದೂರುವುದು ನ್ಯಾಯವಲ್ಲ.

ಉಳಿದವರಿಗೆ ಮಾರ್ಚ್‌ನಲ್ಲಿ ಅಂಕಪಟ್ಟಿಯ ಬದಲು ಒಂದು ಹಾಳೆ ಕೊಡುತ್ತೇನೆ. ಪ್ರತಿ ಮಗುವಿಗೂ ಒಂದು ಪುಟ್ಟ ನೋಟ್‌ಬುಕ್ ಇದೆ. ವಾರಕ್ಕೆ ಎರಡು ಸಾಲು, ದಿನಾಂಕ ಹಾಕಿ, ಕಂಡದ್ದನ್ನಷ್ಟೇ ಬರೆಯುತ್ತೇನೆ. ‘ಚುರುಕು’, ‘ಹಠಮಾರಿ’ ಎಂಬಂಥ ಪದಗಳಿಗೆ ಅಲ್ಲಿ ಅವಕಾಶವಿಲ್ಲ. ಐವತ್ತರವರೆಗೆ ಹೇಳುತ್ತಿದ್ದ ಹುಡುಗಿಯ ಹಾಳೆಯಲ್ಲಿ, ಮೂರು ಕೇಳಿದರೆ ಮೂರು ಕೊಡುತ್ತಾಳೆ, ನಾಲ್ಕು ತಟ್ಟೆಗಳನ್ನು ಒಟ್ಟಿಗೆ ತರುತ್ತಾಳೆ ಎಂದಿತ್ತು. ತಾತ ಅದನ್ನು ಎರಡು ಬಾರಿ ಓದಿ, "ಇಷ್ಟೇನಾ ಮಿಸ್?" ಎಂದರು. ನಾನು ಮುಚ್ಚಳಗಳ ಬುಟ್ಟಿಯನ್ನು ಅವರ ಕೈಗೆ ಕೊಟ್ಟು, ನೀವೇ ಕೇಳಿ ನೋಡಿ ಎಂದೆ. ಅವರು ಏಳು ಕೇಳಿದರು. ಅವಳು ನೆಲದ ಮೇಲೆ ಕುಳಿತು ಒಂದೊಂದಾಗಿ ಸಾಲಿಟ್ಟಳು, ಐದರ ಮೇಲೆ ಒಮ್ಮೆ ತಪ್ಪಿತು, ಎಲ್ಲವನ್ನೂ ಬುಟ್ಟಿಗೆ ಹಾಕಿ ಮೊದಲಿನಿಂದ ಎಣಿಸಿದಳು.